ಬಣಜಿಗ ಎಂಬ ಪದ ನಡೆದ ದಾರಿ

(ಗದಗಿನಲ್ಲಿ ಭಾಷೆ ಮತ್ತು ಇತಿಹಾಸದ ಆಸಕ್ತರ ಮುಂದೆ ಮಾಡಿದ ಉಪನ್ಯಾಸವನ್ನು ತುಸು ವಿಸ್ತರಿಸಿ ಇಲ್ಲಿ ಬರೆದಿದ್ದೇನೆ. ಮಾತಿನ ಕೊನೆಗೆ ಸಭೆಯಿಂದ ಬಂದ ಒಂದು ಪ್ರಶ್ನೆಯನ್ನೂ ಅದಕ್ಕೆ ಕೊಟ್ಟ ಉತ್ತರವನ್ನೂ ಉಳಿಸಿಕೊಂಡಿದ್ದೇನೆ.)

‘ಸೆಟ್ಟಿ ಬಿಟ್ಟಲ್ಲಿ ಪಟ್ಟಣ’ ಎಂಬ ಗಾದೆಯನ್ನು ಕೇಳದವರು ಈ ಸಭೆಯಲ್ಲಿ ಯಾರೂ ಇರಲಾರರು. ನಮ್ಮ ಮನೆಯಲ್ಲಿ ಇದನ್ನು, ಎಲ್ಲಿ ಹೋದರೂ ಅಲ್ಲಿಯೇ ತಳವೂರಿ ಕುಳಿತುಬಿಡುವವರನ್ನು ಕುರಿತು ಹೇಳುತ್ತಿದ್ದರು. ಮದುವೆಗೆಂದು ಬಂದ ನೆಂಟರು ಹದಿನೈದು ದಿನವಾದರೂ ಹೊರಡುವ ಮಾತೆತ್ತದಿದ್ದಾಗ ಅಜ್ಜಿಯ ಬಾಯಿಂದ ಈ ಗಾದೆ ಬರುತ್ತಿತ್ತು. ಆದರೆ ಗಾದೆಯೊಳಗಿನ ಕ್ರಿಯಾಪದದ ಹತ್ತಿರ ಸ್ವಲ್ಪ ಹೊತ್ತು ನಿಂತು ನೋಡಬೇಕು. ಸೆಟ್ಟಿ ಬಿಟ್ಟದ್ದು ಏನನ್ನು? ಎತ್ತಿನ ಬೆನ್ನಿನ ಮೇಲಿದ್ದ ಹೇರನ್ನು ಇಳಿಸಿ, ಎತ್ತುಗಳನ್ನು ಮೇಯಲು ಬಿಟ್ಟ, ಅಷ್ಟೆ. ‘ಬಿಡು’ ಎಂಬ ಧಾತುವಿನಿಂದಲೇ ತಂಗುವ ಜಾಗಕ್ಕೆ ‘ಬೀಡು’ ಎಂಬ ಹೆಸರು ಬಂದಿದೆ, ‘ಬಿಡದಿ’ ಎಂಬ ಮಾತೂ ಬಂದಿದೆ. ಹೇರು ಇಳಿದ ಜಾಗಕ್ಕೆ ಸುತ್ತಲಿನ ಹಳ್ಳಿಯ ಜನ ಬರುತ್ತಾರೆ, ಕೊಳ್ಳುತ್ತಾರೆ, ತಮ್ಮದನ್ನು ತಂದು ಮಾರುತ್ತಾರೆ. ವಾರಕ್ಕೊಮ್ಮೆ ಹಾಗಾದರೆ ಅದು ಸಂತೆ, ದಿನವೂ ಆದರೆ ಪೇಟೆ. ಗಾದೆಯಲ್ಲಿರುವ ಸೆಟ್ಟಿ ಗಾದಿಯ ಮೇಲೆ ದಿಂಬಿಗೊರಗಿ ಕುಳಿತ ಸೆಟ್ಟಿಯಲ್ಲ. ಅವನು ನಡೆಯುತ್ತಿರುವ ಮನುಷ್ಯ, ಅವನು ನಿಂತಲ್ಲಿ ಊರು ಹುಟ್ಟುತ್ತದೆ.

ಇಂದು ನಾನು ಹೇಳಹೊರಟಿರುವುದು ಸೆಟ್ಟಿಯ ಜೊತೆಗಾರನಾದ ಇನ್ನೊಂದು ಪದದ ಕತೆ. ಅದು ‘ಬಣಜಿಗ’ ಎಂಬ ಪದ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಗಳಲ್ಲಿ ಈ ಹೆಸರು ಕಿವಿಗೆ ಬಿದ್ದ ಕೂಡಲೇ ನಮಗೆ ಒಂದು ಸಮುದಾಯ ನೆನಪಾಗುತ್ತದೆ. ಅರ್ಜಿಯ ನಮೂನೆ, ಮದುವೆಯ ಮಾತುಕತೆ, ಜಾತಿಯ ಕಾಲಂ ನೆನಪಾಗುತ್ತವೆ. ಆದರೆ ಈ ಪದ ಹುಟ್ಟಿದ್ದು ಒಂದು ಕೆಲಸದ ಹೆಸರಾಗಿ. ಸರಕು ಹೊತ್ತು ಊರೂರು ತಿರುಗಿ ಮಾರುವವನು ಬಣಜಿಗ. ಕೆಲಸದ ಹೆಸರು ಹೇಗೆ ಸಂಘದ ಹೆಸರಾಯಿತು, ಸಂಘದ ಹೆಸರು ಹೇಗೆ ಕುಲದ ಹೆಸರಾಯಿತು, ಅದೇ ಬೇರಿನಿಂದ ಒಡೆದ ಇನ್ನೊಂದು ಪದ ಹೇಗೆ ಊರ ಹೊರಗೆ ಉಳಿಯಿತು ಎಂಬುದನ್ನು ಜೊತೆಯಾಗಿ ನೋಡೋಣ.

ಬೇರು ಹಳೆಯದು. ಋಗ್ವೇದದಲ್ಲಿಯೇ ‘ವಣಿಜ್’ ಎಂಬ ಶಬ್ದ ವ್ಯಾಪಾರಿ ಎಂಬ ಅರ್ಥದಲ್ಲಿ ಸಿಗುತ್ತದೆ. ಸಂಸ್ಕೃತ, ಪ್ರಾಕೃತಗಳಿಂದ ಬಂದ ಪದಗಳ ಮೊದಲಿನ ವಕಾರವನ್ನು ಬಕಾರ ಮಾಡಿಕೊಳ್ಳುವುದು ಕನ್ನಡದ ಹಳೆಯ ರೂಢಿ: ವಸದಿ ಬಸದಿಯಾಯಿತು, ವೀರ ಬೀರನಾದ, ವ್ಯವಹಾರ ಬೇಹಾರವಾಯಿತು. ಅದೇ ಹಾದಿಯಲ್ಲಿ ವಾಣಿಜ್ಯ ‘ಬಣಂಜು’ ಆಯಿತು. ಬಣಂಜು ಎಂದರೆ ವ್ಯಾಪಾರ, ಅದನ್ನು ಮಾಡುವವನು ಬಣಂಜಿಗ. ಕೊನೆಯ ‘ಇಗ’ ನಾವು ಶಾಲೆಯಲ್ಲಿ ತದ್ಧಿತ ಪ್ರತ್ಯಯವೆಂದು ಕಲಿತದ್ದೇ. ಗಾಣಿಗ, ಒಕ್ಕಲಿಗ, ಕನ್ನಡಿಗ ಎಂಬಲ್ಲಿ ಇರುವುದೂ ಇದೇ. ಪ್ರತ್ಯಯ ಕನ್ನಡದಲ್ಲಿ ಬೇರೂರಿದ್ದು, ಪ್ರಕೃತಿ, ಎಂದರೆ ಮೂಲಪದ, ಹೊರಗಿನದು. ಬೇರೆ ನಾಡಿನ ಸರಕನ್ನು ತಂದು ಇಲ್ಲಿಯ ಗಂಟು ಕಟ್ಟಿ ಮಾರಿದ ಹಾಗೆ ಈ ಪದ ರೂಪುಗೊಂಡಿದೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಶಾಸನಗಳಲ್ಲಿ ‘ಬಳಂಜು’ ಎಂಬ ರೂಪವೂ ಉಂಟು. ಆ ಳಕಾರದ ದಾರಿಯಲ್ಲಿ ತಮಿಳಿನ ‘ವಳಂಜಿಯರ್’ ಇದ್ದಾರೆ, ತೆಲುಗಿನ ‘ಬಲಿಜ’ರೂ ಇದ್ದಾರೆ.

ಕನ್ನಡಕ್ಕೆ ತನ್ನದೇ ಆದ ಪದ ಇರಲಿಲ್ಲವೇ ಎಂದು ಕೇಳಬಹುದು. ಇತ್ತು. ಹಳಗನ್ನಡದಲ್ಲಿ ವ್ಯಾಪಾರಿಗೆ ‘ಪರದ’ ಎಂದೂ ವ್ಯಾಪಾರಕ್ಕೆ ‘ಪರದು’ ಎಂದೂ ಹೆಸರು; ಮುಂದೆ ಪಕಾರ ಹಕಾರವಾಗಿ ಅದು ‘ಹರದ’ ಎಂದಾಯಿತು. ಇಂದು ಆ ಪದವನ್ನು ನಿಘಂಟಿನ ಹೊರಗೆ ಕಾಣುವುದು ಕಷ್ಟ. ಅದು ಸತ್ತದ್ದಕ್ಕೆ ನನಗೆ ನಿಜವಾಗಿ ಬೇಸರವಿದೆ.

ಬಣಂಜು ಎಂಬ ಪದ ತನ್ನ ಪೂರ್ತಿ ಎತ್ತರಕ್ಕೆ ಏರಿದ್ದು 11 ಮತ್ತು 12ನೆಯ ಶತಮಾನಗಳಲ್ಲಿ, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ. ಐಹೊಳೆಯನ್ನು ತಮ್ಮ ಮೂಲಸ್ಥಾನವೆಂದು ಹೇಳಿಕೊಳ್ಳುತ್ತಿದ್ದ ‘ಅಯ್ಯಾವೊಳೆಯ ಐನೂರ್ವರು’ ಎಂಬ ವರ್ತಕ ಸಂಘ ತಮ್ಮ ನಡವಳಿಕೆಯ ಕಟ್ಟಳೆಯನ್ನು ‘ವೀರಬಣಂಜುಧರ್ಮ’ ಎಂದು ಕರೆಯಿತು. ವ್ಯಾಪಾರಕ್ಕೆ ವೀರ ಎಂಬ ವಿಶೇಷಣವೂ ಧರ್ಮ ಎಂಬ ಪದವೂ ಒಟ್ಟಿಗೆ ಸೇರಿದ್ದು ಸಣ್ಣ ಸಂಗತಿಯಲ್ಲ. ಕಾಡು, ಕಣಿವೆ, ಕಳ್ಳರ ಹಾದಿಗಳಲ್ಲಿ ಸರಕು ಸಾಗಿಸುವವರು ಆಯುಧ ಹಿಡಿಯಲೇಬೇಕಾಗಿತ್ತು; ಸಂಘದ ಒಳಗೆ ಸೆಟ್ಟಿ, ಗವರೆಗ, ಗಾತ್ರಿಗರ ಸಂಗಡ ಅಂಕಕಾರ, ಬೀರ, ಬೀರವಣಿಗ ಎಂಬ ಕಾದಾಳುಗಳ ಹೆಸರುಗಳೂ ಬರುವುದು ಆ ಕಾರಣಕ್ಕೆ.

ಶಿಕಾರಿಪುರದ ಸೀಮೆಯಲ್ಲಿ ದೊರೆತ, ವಿದ್ವಾಂಸರು ಮತ್ತೆ ಮತ್ತೆ ಎತ್ತಿಕೊಳ್ಳುವ 11ನೆಯ ಶತಮಾನದ ಒಂದು ಶಾಸನದಲ್ಲಿ ಈ ಐನೂರ್ವರ ಉದ್ದನೆಯ ಪ್ರಶಸ್ತಿ, ಎಂದರೆ ಹೊಗಳಿಕೆಯ ಬರಹ, ಇದೆ. ಕೃತಯುಗದ ಮೊದಲಿನಿಂದಲೂ ನಾನಾ ದೇಶಗಳಲ್ಲಿ ಸಂಚರಿಸುವುದಕ್ಕೆಂದೇ ಹುಟ್ಟಿದವರು ಎಂದು ಅದು ಅವರನ್ನು ಬಣ್ಣಿಸುತ್ತದೆ. ನೆಲದ ದಾರಿ, ನೀರಿನ ದಾರಿ ಎರಡರಲ್ಲೂ ಹೋಗುತ್ತಾರೆ. ಅವರ ಸರಕಿನಲ್ಲಿ ಆನೆ, ಕುದುರೆ, ನೀಲ, ಮುತ್ತು, ಮಾಣಿಕ್ಯ, ವಜ್ರ, ಹವಳಗಳಿವೆ; ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿ, ಕುಂಕುಮಕೇಸರಿಗಳಿವೆ. ಇಷ್ಟನ್ನೂ ಅವರು ಸಗಟಾಗಿ ಮಾರುತ್ತಾರೆ, ಹೆಗಲ ಮೇಲೆ ಹೊತ್ತು ತಿರುಗಿಯೂ ಮಾರುತ್ತಾರೆ. ನನ್ನ ಇಡೀ ಮಾತು ನಿಂತಿರುವುದು ಈ ಕೊನೆಯ ವಿವರದ ಮೇಲೆ. ವಜ್ರದ ಸಗಟು ವ್ಯಾಪಾರಿ, ಹೆಗಲ ಮೇಲೆ ಗಂಟು ಹೊತ್ತವನು ಇಬ್ಬರೂ ಒಂದೇ ಪ್ರಶಸ್ತಿಯಲ್ಲಿ, ಒಂದೇ ಹೆಸರಿನಡಿ, ಒಂದೇ ಹೆಮ್ಮೆಯಲ್ಲಿ ಕಾಣಿಸಿಕೊಂಡಿದ್ದಾರೆ. ಹೊತ್ತು ಮಾರುವುದನ್ನು ಮುಚ್ಚಿಡಬೇಕೆಂದು ಆ ಪ್ರಶಸ್ತಿ ಬರೆಸಿದವರಿಗೆ ಅನ್ನಿಸಲಿಲ್ಲ. ಅದು ಅವರ ಬಿರುದಿನ ಒಂದು ಭಾಗವೇ ಆಗಿತ್ತು.

ಈ ಬಣಂಜಿಗರು ನಡೆದ ನೆಲ ನಮ್ಮದೇ. ಇಲ್ಲಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದ ಲಕ್ಕುಂಡಿ, ಅಂದಿನ ಲೊಕ್ಕಿಗುಂಡಿ, ಟಂಕಸಾಲೆಯಿದ್ದ ಊರು. ಅಲ್ಲಿಯ ಚಿನ್ನದ ನಾಣ್ಯವಾದ ಗದ್ಯಾಣಕ್ಕೆ ಲೊಕ್ಕಿಗದ್ಯಾಣವೆಂಬ ಹೆಸರಿತ್ತು. ಮುಂಡರಗಿ ತಾಲೂಕಿನ ಡಂಬಳ ಅಂದು ಧರ್ಮವೊಳಲು. ಅಲ್ಲಿಯ 1095ರ ಶಾಸನ, ಊರಿನ 16 ಸೆಟ್ಟಿಗಳು ಸೇರಿ ಬುದ್ಧನಿಗೂ ತಾರಾದೇವಿಗೂ ವಿಹಾರ ಕಟ್ಟಿಸಿದ್ದನ್ನು ಹೇಳುತ್ತದೆ. ಲೊಕ್ಕಿಗುಂಡಿಯಲ್ಲಿ ಒಬ್ಬ ‘ವಡ್ಡವ್ಯವಹಾರಿ’ ಕಟ್ಟಿಸಿದ ಇನ್ನೊಂದು ವಿಹಾರದ ಹೆಸರೂ ಅದರಲ್ಲಿ ಇದೆ. ವಡ್ಡವ್ಯವಹಾರಿ ಎಂದರೆ ದೊಡ್ಡ ವ್ಯಾಪಾರಿ. ಬೌದ್ಧ ವಿಹಾರಗಳು ತೀರ ವಿರಳವಾಗಿದ್ದ ಆ ಕಾಲದಲ್ಲಿ ಗದಗಿನ ಸೀಮೆಯ ಸೆಟ್ಟಿಗಳು ತಾರಾದೇವಿಯನ್ನು ನಿಲ್ಲಿಸಿದ್ದರು ಎಂಬುದನ್ನು ಓದಿದಾಗಲೆಲ್ಲ, ನಾಲ್ಕು ದಿಕ್ಕಿನ ದಾರಿ ಕಂಡವರ ಮನಸ್ಸು ಎಷ್ಟು ಹರವಾಗಿತ್ತು ಎಂದು ನನಗೆ ತೋರುತ್ತದೆ. ಇದೇ ಕಾಲಕ್ಕೆ, 1088ರಲ್ಲಿ, ಸುಮಾತ್ರಾ ದ್ವೀಪದ ತೀರದಲ್ಲಿ ಐನೂರ್ವರ ಹೆಸರಿನ ತಮಿಳು ಶಾಸನವೊಂದು ನಿಂತಿತು.

ದೊಡ್ಡ ಸರಕಿನ ಮಾತಿನಲ್ಲಿ ಸಣ್ಣ ಹೇರನ್ನು ಮರೆಯಬಾರದು. ನಮ್ಮ ಜಿಲ್ಲೆಗಳ ದೇವಾಲಯಗಳಲ್ಲಿ ನಿಂತಿರುವ ದಾನಶಾಸನಗಳನ್ನು ಓದಿದವರಿಗೆ ‘ಹೇರು’ ಎಂಬ ಪದ ಪರಿಚಿತ. ಒಂದು ಹೇರು ಎಲೆಗೆ ಇಷ್ಟು, ಒಂದು ಹೇರು ಅಡಿಕೆಗೆ ಇಷ್ಟು, ಭಂಡಿಗೆ ಇಷ್ಟು, ಹೊತ್ತು ತಂದ ಹೊರೆಗೆ ಇಷ್ಟು ಎಂದು ಸುಂಕದ ಪಾಲನ್ನು ದೇವರ ನಂದಾದೀಪಕ್ಕೆ ಬಿಡುತ್ತಿದ್ದರು. ಗುಡಿಯ ದೀಪದ ಎಣ್ಣೆಯಲ್ಲಿ ತಲೆಹೊರೆಯವನ ಪಾಲೂ ಇತ್ತು.

ವ್ಯಾಪಾರಕ್ಕೆಂದು ಬಂದು ಇಲ್ಲಿಯೇ ಉಳಿದವರ ನೆನಪೂ ಈ ಜಿಲ್ಲೆಯಲ್ಲಿ ಜೀವಂತವಾಗಿದೆ. ಸೌರಾಷ್ಟ್ರದಿಂದ ಪುಲಿಗೆರೆಗೆ, ಅಂದರೆ ಇಂದಿನ ಲಕ್ಷ್ಮೇಶ್ವರಕ್ಕೆ, ವ್ಯಾಪಾರಿಯಾಗಿ ಬಂದ ಆದಯ್ಯ ಇಲ್ಲಿಯ ಪದ್ಮಾವತಿಯನ್ನು ವರಿಸಿದ, ತನ್ನ ನಾಡಿನ ಸೋಮನಾಥನನ್ನೇ ಪುಲಿಗೆರೆಗೆ ಕರೆತಂದ ಎಂಬುದು ಹರಿಹರ, ರಾಘವಾಂಕರು ಹೇಳಿದ ಕತೆ. ‘ಸೌರಾಷ್ಟ್ರ ಸೋಮೇಶ್ವರ’ ಎಂಬುದು ಆದಯ್ಯನ ವಚನಗಳ ಅಂಕಿತ. ಒಬ್ಬ ಪರನಾಡಿನ ವರ್ತಕ ಕನ್ನಡದಲ್ಲಿ ವಚನಕಾರನಾದ. ಕಲ್ಯಾಣದಲ್ಲಿ ಕಟ್ಟಿಗೆಯ ಹೊರೆ ಹೊತ್ತು ಮಾರುತ್ತಿದ್ದ ಮಾರಯ್ಯನಿಗೆ ಆ ಹೊರೆಯೇ ಹೆಸರಾಗಿ ‘ಮೋಳಿಗೆ ಮಾರಯ್ಯ’ ಎಂದಾಯಿತು. ಮೋಳಿಗೆಯೆಂದರೆ ಕಟ್ಟಿಗೆಯ ಹೊರೆ. ಅವನು ಹೊರೆ ಇಳಿಸಿ ದೊಡ್ಡವನಾಗಲಿಲ್ಲ, ಹೊರೆಯ ಸಮೇತ ದೊಡ್ಡವನಾದ. ಎಂಟು ಶತಮಾನ ಕಳೆದರೂ ಆ ಹೊರೆ ಅವನ ಹೆಸರಿನ ತಲೆಯ ಮೇಲಿದೆ.

ಆಮೇಲಿನ ಶತಮಾನಗಳಲ್ಲಿ ಸಂಘ ಕರಗಿತು, ಹೆಸರು ಉಳಿಯಿತು. ತಂದೆಯ ಕಸುಬು ಮಗನಿಗೆ ಬಂದಂತೆ ಕಸುಬಿನ ಹೆಸರೂ ಬಂತು. ಮಗ ಕಸುಬು ಬಿಟ್ಟು ಹೊಲ ಹಿಡಿದರೂ ಹೆಸರು ಬಿಡಲಿಲ್ಲ. ಹಾಗೆ ಬಣಜಿಗ ಎಂಬುದು ಮಾಡುವುದರ ಹೆಸರಾಗಿರುವುದು ನಿಂತು, ಹುಟ್ಟಿನ ಹೆಸರಾಯಿತು. ಒಂದೇ ಪದ ಬೇರೆ ಬೇರೆ ಸೀಮೆಯಲ್ಲಿ ಬೇರೆ ಬೇರೆ ಜನರಿಗೆ ಅಂಟಿತು. ಧಾರವಾಡದ ಕಡೆ ಬಣಜಿಗ ಎಂದರೆ ಲಿಂಗಾಯತ ಸಮಾಜದ ಒಂದು ಪಂಗಡ. ಹಳೆಯ ಮೈಸೂರಿನ ಕಡೆ ಹೋದರೆ ‘ತೆಲುಗು ಬಣಜಿಗ’ ಎಂದು ಬಲಿಜರನ್ನು ಕರೆಯುವ ರೂಢಿಯಿದೆ. ಸೊಲ್ಲಾಪುರ, ಕೊಲ್ಲಾಪುರಗಳ ಮರಾಠಿಯಲ್ಲಿ ನಮ್ಮ ಬಣಜಿಗರು ‘ಲಿಂಗಾಯತ ವಾಣಿ’ಗಳಾಗುತ್ತಾರೆ. ಪದದ ಬೇರು ಮರೆತುಹೋದಾಗ ಜನ ಹೊಸ ಬೇರು ಹುಡುಕುತ್ತಾರೆ. ಬಲಿಯಿಂದ, ಎಂದರೆ ಯಜ್ಞದಿಂದ, ಹುಟ್ಟಿದವರಾದ್ದರಿಂದ ಬಲಿಜರು ಎಂಬ ಕತೆ ಹುಟ್ಟಿಕೊಂಡದ್ದು ಹಾಗೆ. ಇಂಥ ಕತೆಗಳನ್ನು ಸುಳ್ಳೆಂದು ಬದಿಗೆ ಸರಿಸುವುದು ನನಗೆ ಒಪ್ಪಿಗೆಯಲ್ಲ. ದಾರಿ ನಡೆದು ಗಳಿಸಿದ ಗೌರವ ಕೈತಪ್ಪಿದಾಗ ಯಜ್ಞಕುಂಡದಿಂದ ಗೌರವ ತರುವ ಪ್ರಯತ್ನ ಅದು. 1881ರ ಜನಗಣತಿಯ ಹೊತ್ತಿಗೆ ಪ್ರತಿಯೊಬ್ಬರನ್ನೂ ಒಂದು ಕಾಲಮ್ಮಿನಲ್ಲಿ ಬರೆಯುವ ಪದ್ಧತಿ ಬಂದ ಮೇಲೆ, ಅಷ್ಟಿಷ್ಟು ಸಡಿಲವಿದ್ದ ಹೆಸರುಗಳೂ ಬಿಗಿಯಾದವು.

ಕೆಲಸದ ನೆನಪು ಜಾತಿಯ ಹೆಸರಿಗಿಂತ ಚೆನ್ನಾಗಿ ಉಳಿದಿರುವುದು ನಮ್ಮ ಕಡೆಯ ಅಡ್ಡಹೆಸರುಗಳಲ್ಲಿ. ಹುಬ್ಬಳ್ಳಿಯ ಯಾವುದೇ ಶಾಲೆಯ ಹಾಜರಿ ಪುಸ್ತಕ ತೆರೆದರೆ ಒಂದು ಸಂತೆಯೇ ಎದುರಾಗುತ್ತದೆ: ಅಂಗಡಿ, ಜವಳಿ, ಹತ್ತಿ, ಬೆಲ್ಲದ, ಉಪ್ಪಿನ, ಮೆಣಸಿನಕಾಯಿ, ಅಕ್ಕಿ, ಸಕ್ಕರಿ, ಎಣ್ಣಿ, ಯಲಿಗಾರ, ಬಳಿಗಾರ. ಶಾಸನಗಳಲ್ಲಿ ಪಟ್ಟಣದ ವರ್ತಕರ ಮುಖ್ಯನಿಗಿದ್ದ ‘ಪಟ್ಟಣಸೆಟ್ಟಿ’ ಎಂಬ ಪದವಿ ಇಂದು ಪಟ್ಟಣಶೆಟ್ಟಿ ಎಂಬ ಮನೆತನದ ಹೆಸರಾಗಿ ಕೂಗಿಗೆ ‘ಹಾಜರ್’ ಎನ್ನುತ್ತಿದೆ.

ಇನ್ನು ಅದೇ ಬೇರಿನ ಇನ್ನೊಂದು ಟೊಂಗೆಗೆ ಬರೋಣ. ವಾಣಿಜ್ಯ ಮಾಡುವವನು ವಾಣಿಜ್ಯಕಾರ. ಆ ಪದ ಉತ್ತರದ ಭಾಷೆಗಳ ಬಾಯಲ್ಲಿ ಸವೆದು ‘ಬಣಜಾರ’ ಆಯಿತು. ಹಾಗಾಗಿ ಬಣಜಿಗ ಮತ್ತು ಬಣಜಾರ ಎರಡೂ ಒಂದೇ ಪದದಿಂದ ಒಡೆದವು. ಒಂದಕ್ಕೆ ‘ಇಗ’ ಸೇರಿತು, ಇನ್ನೊಂದಕ್ಕೆ ‘ಕಾರ’ ಸೇರಿತು. ನಮ್ಮ ಕಡೆ ಬಣಜಾರರಿಗೆ ಲಂಬಾಣಿ, ಲಮಾಣಿ ಎಂಬ ಹೆಸರು. ಅದನ್ನು ‘ಲವಣ’ ಎಂಬ ಶಬ್ದಕ್ಕೆ ಜೋಡಿಸುತ್ತಾರೆ, ಉಪ್ಪು ಹೊತ್ತವರು ಎಂದು. ಅವರು ತಮ್ಮನ್ನು ತಾವು ಕರೆದುಕೊಳ್ಳುವುದು ‘ಗೋರ್’ ಎಂದು. ಹೇರೆತ್ತುಗಳ ಮೇಲೆ ಸರಕು ಹೇರಿಕೊಂಡು ಹೋಗುವ ತಮ್ಮ ಕಸುಬನ್ನು ಅವರು ‘ಲದೇಣಿ’ ಎನ್ನುತ್ತಾರೆ. ಸಾವಿರಾರು ಎತ್ತುಗಳ ಸಾಲು ಕರಾವಳಿಯ ಉಪ್ಪನ್ನು ಘಟ್ಟ ಹತ್ತಿಸಿ ಬಯಲುಸೀಮೆಗೆ ತರುತ್ತಿತ್ತು, ಇಲ್ಲಿಯ ಕಾಳುಕಡಿಯನ್ನು ಕೆಳಗೆ ಒಯ್ಯುತ್ತಿತ್ತು. ಆ ಸಾಲಿನ ಹೆಸರೇ ‘ತಾಂಡಾ’. ತಾಂಡಾ ಎಂದರೆ ಮೊದಲು ನಡೆಯುವ ಸಾಲು. ಇಂದು ತಾಂಡಾ ಎಂದರೆ ಊರಾಚೆಯ ನೆಲೆನಿಂತ ಕೇರಿ. ಹೇರು ಇಳಿದಲ್ಲಿಯೇ ಪದವೂ ಇಳಿದು ಕುಳಿತಿತು. ಸೆಟ್ಟಿ ಬಿಟ್ಟಲ್ಲಿ ಪಟ್ಟಣವಾಯಿತು, ಬಣಜಾರ ಬಿಟ್ಟಲ್ಲಿ ತಾಂಡಾ ಆಯಿತು. ಎರಡು ಪದಗಳ ಬೆಲೆಯಲ್ಲಿ ಎಷ್ಟು ಅಂತರ ಬಿದ್ದಿತು ಎಂಬುದನ್ನು ನಿಮ್ಮಲ್ಲಿ ತಾಂಡಾದಿಂದ ಬಂದವರು ನನಗಿಂತ ಚೆನ್ನಾಗಿ ಬಲ್ಲಿರಿ.

ಒಂದು ಕಾಲದಲ್ಲಿ ರಾಜರೂ ಸೇನಾಪತಿಗಳೂ ಇವರಿಗಾಗಿ ಕಾಯುತ್ತಿದ್ದರು. ಮೊಗಲರ ದಂಡಿಗೂ ಮರಾಠರ ದಂಡಿಗೂ ಧಾನ್ಯ ಒದಗಿಸಿದವರು ಬಣಜಾರರು. 1800ರಲ್ಲಿ ಬಂಡಾಯಗಾರ ಧೋಂಡಿಯಾ ವಾಘನ ಬೆನ್ನಟ್ಟಿ ಬಂದ ಇಂಗ್ಲಿಷರ ದಂಡನಾಯಕ ಆರ್ಥರ್ ವೆಲ್ಲೆಸ್ಲಿ ಇದೇ ಡಂಬಳದ ಕೋಟೆಯನ್ನು ಹಿಡಿದ. 16 ಸೆಟ್ಟಿಗಳು ತಾರಾದೇವಿಯನ್ನು ನಿಲ್ಲಿಸಿದ ಅದೇ ಊರು. ಅವನ ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಚಿಂತೆಯೆಂದರೆ ‘ಬ್ರಿಂಜಾರಿ’ಗಳ ಹೇರು ಬಂತೋ ಇಲ್ಲವೋ ಎಂಬುದು. ಬ್ರಿಂಜಾರಿ ಎಂಬುದು ಬಣಜಾರದ ಇಂಗ್ಲಿಷ್ ಉಚ್ಚಾರ. ಅದನ್ನು ಪಾರಸಿಯ ‘ಬಿರಿಂಜ್’, ಎಂದರೆ ಅಕ್ಕಿ, ಎಂಬ ಪದಕ್ಕೆ ತಪ್ಪಾಗಿ ಜೋಡಿಸಿದವರೂ ಉಂಟು.

ಆಮೇಲೆ ರಸ್ತೆಗಳು ಬಂದವು. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಧಾರವಾಡದ ಹತ್ತಿಗೆ ಬೆಲೆ ಏರಿದಾಗ ಕುಮಟಾ ಬಂದರಿನ ದಾರಿಯಲ್ಲಿ ಚಕ್ಕಡಿಗಳು ತುಂಬಿದವು. 1880ರ ದಶಕ ಮುಗಿಯುವ ಹೊತ್ತಿಗೆ ರೈಲಿನ ಹಳಿಗಳು ಗದಗ, ಹುಬ್ಬಳ್ಳಿ, ಧಾರವಾಡಗಳನ್ನು ಹಾದು ಕ್ಯಾಸಲ್‌ರಾಕ್ ಘಟ್ಟ ಇಳಿದು ಮುರ್ಮಗೋವಾ ಬಂದರನ್ನು ಮುಟ್ಟಿದವು. ಹೇರೆತ್ತು ವಾರಗಟ್ಟಲೆ ನಡೆದು ತರುತ್ತಿದ್ದ ಉಪ್ಪು ವ್ಯಾಗನ್ನಿನಲ್ಲಿ ಬಂದು ಬಿದ್ದಿತು. ಲದೇಣಿ ನಿಂತುಹೋಯಿತು. ಅದೇ ಹೊತ್ತಿಗೆ 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ತಿರುಗಾಡುವ ಎಷ್ಟೋ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿ ಮಾಡತೊಡಗಿತು. ದೇಶದ ಹಲವೆಡೆ ಬಣಜಾರರ ಹೆಸರೂ ಆ ಪಟ್ಟಿಗೆ ಸೇರಿತು. ಆ ಕಾಯಿದೆಯ ಗುರುತು ನಮ್ಮ ಹುಬ್ಬಳ್ಳಿಯಲ್ಲಿ ಒಂದು ಬಡಾವಣೆಯ ಹೆಸರಾಗಿ ಉಳಿದಿದೆ: ‘ಸೆಟ್ಲಮೆಂಟ್’, ಎಂದರೆ ಪಟ್ಟಿಗೆ ಸೇರಿದವರನ್ನು ಕಾವಲಿನಲ್ಲಿಟ್ಟ ನೆಲೆ. ಆ ಪಟ್ಟಿಯಿಂದ ಜನರನ್ನು ಬಿಡಿಸಿದ್ದು 1952ರಲ್ಲಿ. ನಾನಾ ದೇಶಗಳಲ್ಲಿ ಸಂಚರಿಸುವುದಕ್ಕೆಂದೇ ಹುಟ್ಟಿದವರು ಎಂಬುದು 11ನೆಯ ಶತಮಾನದಲ್ಲಿ ಬಿರುದಾಗಿತ್ತು. 19ನೆಯ ಶತಮಾನದಲ್ಲಿ ಅದೇ ಸಂಚಾರ ಆರೋಪವಾಯಿತು. ಈ ಅನ್ಯಾಯವನ್ನು ಮೆದು ಮಾತಿನಲ್ಲಿ ಹೇಳಲು ನನಗೆ ಮನಸ್ಸಿಲ್ಲ.

ಆದರೆ ಎಲ್ಲವನ್ನೂ ಪರಕೀಯರ ತಲೆಗೆ ಕಟ್ಟಿ ನಾವು ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ಭಾಷೆಯೇ ಕುಳಿತವನ ಕಡೆ ವಾಲಿದೆ. ‘ತಿರಿ’ ಎಂಬ ಧಾತುವಿಗೆ ತಿರುಗಾಡು ಎಂಬ ಅರ್ಥವೂ ಇದೆ, ಬೇಡು ಎಂಬ ಅರ್ಥವೂ ಇದೆ. ತಿರುಕ ಎಂದರೆ ಭಿಕ್ಷುಕ. ತಿರುಗುವವನು ಬೇಡುವವನೇ ಇರಬೇಕೆಂದು ಭಾಷೆ ತೀರ್ಮಾನಿಸಿದ ಹಾಗಿದೆ. ಅತ್ತ ಕುಳಿತ ವ್ಯಾಪಾರಿಗೆ ಸಿಕ್ಕ ಹೆಸರುಗಳನ್ನು ನೋಡಿ: ‘ಸೆಟ್ಟಿ’ ಶ್ರೇಷ್ಠಿಯಿಂದ ಬಂದದ್ದು, ‘ಸಾವಕಾರ’ ಸಾಧುವಿನಿಂದ ಬಂದದ್ದು. ಅಂಗಡಿಯ ಗಾದಿಯ ಮೇಲೆ ಕುಳಿತವನು ಶ್ರೇಷ್ಠ, ಸಾಧು. ಬಿಸಿಲಲ್ಲಿ ನಡೆದು ಬಾಗಿಲಿಗೆ ಬಂದವನ ಗಂಟಿನ ಮೇಲೆ ಮಾತ್ರ ನಮ್ಮ ಕಣ್ಣು. ‘ಸಂತೆ ನೆರೆಯುವ ಮುನ್ನ ಗಂಟುಕಳ್ಳರು ನೆರೆದರು’ ಎಂಬ ಗಾದೆಯಲ್ಲಿ ಗಂಟಿನೊಡೆಯನೇ ಕಳವಿಗೆ ಒಳಗಾದವನು. ರೂಢಿಯಲ್ಲಿ ಆ ಅನುಮಾನ ಗಂಟು ಹೊತ್ತವನ ಮೇಲೆಯೇ ತಿರುಗಿಬಿದ್ದಿತು.

ಇದಕ್ಕೆ ಹೊರತಾದ ಒಂದು ಚಿತ್ರ ನನ್ನ ಕಣ್ಣಿನಲ್ಲಿದೆ, ಅದನ್ನು ಹೇಳಲೇಬೇಕು. ನನ್ನ ಬಾಲ್ಯ ಹಾವೇರಿಯ ಹತ್ತಿರದ ಒಂದು ಹಳ್ಳಿಯಲ್ಲಿ ಕಳೆಯಿತು. ಸುಗ್ಗಿ ಮುಗಿದ ಮೇಲೆ ಪ್ರತಿ ವರ್ಷ ಒಬ್ಬ ವಯಸ್ಸಾದವರು ಬಟ್ಟೆಯ ಗಂಟು ಹೊತ್ತು ಬರುತ್ತಿದ್ದರು. ನಮ್ಮ ಕಟ್ಟೆಯ ಮೇಲೆ ಗಂಟು ಇಳಿಸಿ, ನಾಲ್ಕು ತುದಿಯ ಗಂಟನ್ನು ಹಲ್ಲಿನಿಂದ ಸಡಿಲಿಸಿ ಬಿಚ್ಚಿದರೆ ಒಳಗೆ ಗುಳೇದಗುಡ್ಡದ ಖಣಗಳು ಬಣ್ಣದ ಪ್ರಕಾರ ಅಡಕಿಲಾಗಿ ಇರುತ್ತಿದ್ದವು: ಗಿಣಿಹಸಿರು, ಕುಂಕುಮಗೆಂಪು, ಬದನೆಬಣ್ಣ. ಹೊಸ ಬಟ್ಟೆಯ ಗಂಜಿಯ ವಾಸನೆ ಪಡಸಾಲೆಯವರೆಗೂ ಬರುತ್ತಿತ್ತು. ಮೊಣಕೈಯಿಂದ ಬೆರಳ ತುದಿಯವರೆಗೆ ಮೊಳ ಹಾಕಿ ಅಳೆಯುತ್ತಿದ್ದರು, ಕೊನೆಯಲ್ಲಿ ನಾಲ್ಕು ಬೆರಳು ಕೊಸರು ಬಿಡುತ್ತಿದ್ದರು. ಉದ್ರಿಯ ಲೆಕ್ಕವನ್ನು ಅವರು ಬರೆದದ್ದನ್ನು ನಾನು ಕಾಣೆ. ಯಾರ ಮನೆಯದು ಎಷ್ಟು ಬಾಕಿ ಎಂಬುದು ಅವರಿಗೂ ನಮ್ಮಜ್ಜಿಗೂ ಬಾಯಿಪಾಠವಾಗಿತ್ತು. ಮಧ್ಯಾಹ್ನ ಗಂಟಿನ ಹೊರಬಟ್ಟೆಯನ್ನು ಕೊಡವಿ, ಕಟ್ಟೆಯ ಮೂಲೆಯಲ್ಲಿ ಹಾಸಿ ನಮಾಜು ಮಾಡುತ್ತಿದ್ದರು. ಅಜ್ಜಿ ಅವರನ್ನು ಕರೆಯುತ್ತಿದ್ದದ್ದು ‘ಗಂಟಿನ ಸೆಟ್ಟಿ’ ಎಂದು. ‘ಗಂಟಿನ ಸೆಟ್ಟಿ ಬಂದಾನ, ನೀರ ಕೊಡ್ರಿ’ ಎಂದು ಅವಳು ಒಳಗೆ ಕೂಗಿ ಹೇಳಿದ ದನಿ ಇನ್ನೂ ಕಿವಿಯಲ್ಲಿದೆ. ಅವಳ ಬಾಯಲ್ಲಿ ಸೆಟ್ಟಿ ಎಂಬುದು ಜಾತಿಯಾಗಿರಲಿಲ್ಲ, ಮತವಾಗಿರಲಿಲ್ಲ. ಸರಕು ತಂದವನು ಸೆಟ್ಟಿ, ಅಷ್ಟೆ. ಅಯ್ಯಾವೊಳೆಯ ಐನೂರ್ವರ ಕಾಲದ ಅರ್ಥವೊಂದು ಅಕ್ಷರ ಬಾರದ ಆ ಹೆಂಗಸಿನ ನಾಲಿಗೆಯ ಮೇಲೆ ಉಳಿದಿತ್ತು ಎಂಬುದು ನನಗೆ ತಿಳಿದದ್ದು, ಶಾಸನಗಳನ್ನು ಓದಲು ಕಲಿತ ಮೇಲೆ.

ಈ ಪದ ಸಮುದ್ರ ದಾಟಿದ ಕತೆಯನ್ನೂ ಚುಟುಕಾಗಿ ಹೇಳುತ್ತೇನೆ. ಗುಜರಾತಿಯಲ್ಲಿ ವಾಣಿಜ ‘ವಾಣಿಯೊ’ ಆದ. ಅರಬರು, ಪೋರ್ಚುಗೀಸರು, ಇಂಗ್ಲಿಷರು ಆ ವರ್ತಕರನ್ನು ‘ಬನಿಯನ್’ ಎಂದರು. ಪರ್ಷಿಯಾದ ಕೊಲ್ಲಿಯ ಗಾಂಬ್ರೂನ್ ಬಂದರಿನಲ್ಲಿ, ಅಂದರೆ ಇಂದಿನ ಬಂದರ್ ಅಬ್ಬಾಸಿನ ಹತ್ತಿರ, ಒಂದು ದೊಡ್ಡ ಆಲದ ಮರದ ಕೆಳಗೆ ಈ ವರ್ತಕರ ಗುಡಿಯಿತ್ತು. ಅದನ್ನು ಕಂಡ ಯುರೋಪಿಯನ್ನರು ಮರಕ್ಕೇ ಅವರ ಹೆಸರಿಟ್ಟರು. ಹಾಗೆ ಆಲದ ಮರ ಇಂಗ್ಲಿಷಿನಲ್ಲಿ ವಾಣಿಜನ ಮರವಾಯಿತು. ಆ ವರ್ತಕರು ತೊಡುತ್ತಿದ್ದ ಸಡಿಲ ಅಂಗಿಯೂ ಬನಿಯನ್ ಎನ್ನಿಸಿಕೊಂಡು, ಮುಂದೆ ಒಳ ಅಂಗಿಯಾಗಿ ನಮಗೇ ಮರಳಿ ಬಂತು. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಸಂಜೆ ಕೈಗಾಡಿಯ ಮೇಲೆ ಬನಿಯನ್ ರಾಶಿ ಹಾಕಿ ಕೂಗುತ್ತಿರುವವನನ್ನು ಕಂಡಾಗಲೆಲ್ಲ ನಾನು ಒಂದು ಗಳಿಗೆ ನಿಲ್ಲುತ್ತೇನೆ. ಅವನು ಮಾರುತ್ತಿರುವುದು ತನ್ನ ಕಸುಬಿನ ಅತ್ಯಂತ ಹಳೆಯ ಹೆಸರನ್ನೇ.

ಮಾತು ಮುಗಿದ ಮೇಲೆ ಹಿರಿಯರೊಬ್ಬರು ಎದ್ದು ಕೇಳಿದರು: ‘ಹಂಗಾರ ಬಣಜಿಗರೂ ಲಮಾಣ್ಯಾರೂ ಒಂದ ಅಂತ ನೀವು ಹೇಳೂದೇನ್ರಿ?’ ಪ್ರಶ್ನೆಯಲ್ಲಿ ಸ್ವಲ್ಪ ಬಿಸಿಯಿತ್ತು, ಅದು ಸಹಜ. ನಾನು ಕೊಟ್ಟ ಉತ್ತರ ಇದು. ಪದಗಳ ನೆಂಟಸ್ತಿಕೆ ಬೇರೆ, ಮನುಷ್ಯರ ರಕ್ತಸಂಬಂಧ ಬೇರೆ. ಒಂದೇ ಬೇರಿನ ಎರಡು ಪದಗಳು ಎರಡು ಬೇರೆ ನಾಡಿನಲ್ಲಿ, ಎರಡು ಬೇರೆ ಜನರಿಗೆ ಸಂದವು. ಗೋರ್ ಜನರ ಭಾಷೆ ಉತ್ತರದ ಭಾಷೆಗಳ ಕುಲದ್ದು, ಅವರ ಹಾಡು, ದೇವರು, ಉಡುಗೆ ತಮ್ಮವೇ. ಅವರನ್ನು ಇನ್ನೊಬ್ಬರ ಶಾಖೆಯೆಂದು ಬರೆಯುವುದು ಅವರ ಇತಿಹಾಸಕ್ಕೆ ಬಗೆದ ಅಪಚಾರವಾಗುತ್ತದೆ. ಆದರೆ ಎರಡೂ ಹೆಸರುಗಳು ಹುಟ್ಟಿದ್ದು ಒಂದೇ ಕೆಲಸದಿಂದ ಎಂಬುದು ನಿಜ. ಆ ಕೆಲಸ ಒಂದು ಹೆಸರಿಗೆ ಗೌರವ ತಂದಿತು, ಇನ್ನೊಂದಕ್ಕೆ ತರಲಿಲ್ಲ ಎಂಬುದೂ ನಿಜ. ಹಿರಿಯರು ತಲೆಯಾಡಿಸಿ ಕುಳಿತರು. ಒಪ್ಪಿದರೋ ಇಲ್ಲವೋ ಹೇಳಲಾರೆ, ಆದರೆ ಹೊರಡುವಾಗ ಬಂದು ಕೈ ಹಿಡಿದುಕೊಂಡರು.

ಕಳೆದ ಚಳಿಗಾಲದಲ್ಲಿ ಹುಬ್ಬಳ್ಳಿಯಿಂದ ಗೋವಾದ ಕಡೆ ರೈಲಿನಲ್ಲಿ ಹೋಗುತ್ತಿದ್ದೆ. ಗದಗ ಜಿಲ್ಲೆಯ ತಾಂಡಾ ಒಂದರ ಇಬ್ಬರು ಹೆಂಗಸರು ಎದುರಿಗೆ ಕುಳಿತಿದ್ದರು. ಗೋವಾದ ಸಮುದ್ರದಂಡೆಯಲ್ಲಿ ಮಣಿಸರ, ಕಸೂತಿಯ ಚೀಲ ಮಾರುವ ಲಂಬಾಣಿ ಹೆಂಗಸರು ನಮ್ಮ ಜಿಲ್ಲೆಗಳಿಂದಲೇ ಹೋಗುತ್ತಾರೆ ಎಂಬುದು ನಿಮಗೆ ಗೊತ್ತು. ಲೋಂಡಾ ದಾಟಿದ ಮೇಲೆ ಹಿರಿಯವಳು ಗಂಟು ಬಿಚ್ಚಿ, ಕನ್ನಡಿ ಹೊಲಿದ ಪಟ್ಟಿಗಳನ್ನು ಮಡಿಲಲ್ಲಿ ಹರಡಿ, ಸಡಿಲಾದ ಒಂದು ಕನ್ನಡಿಯನ್ನು ಸೂಜಿಯಿಂದ ಬಿಗಿ ಮಾಡತೊಡಗಿದಳು. ಆ ಘಟ್ಟದ ದಾರಿಯಲ್ಲಿಯೇ ಅವಳ ಹಿಂದಿನವರ ಎತ್ತುಗಳು ಉಪ್ಪು ಹೊತ್ತು ಹತ್ತಿ ಬರುತ್ತಿದ್ದವು. ‘ಲದೇಣಿ ಅಂದರೆ ಗೊತ್ತೇನವಾ’ ಎಂದು ಕೇಳಿದೆ. ಅವಳ ಸೂಜಿ ನಿಂತಿತು. ‘ನಮ್ಮ ಮುತ್ಯಾ ಅಂತಿದ್ದ’ ಎಂದಳು. ಈಗ ನೀವು ಮಾಡುವುದಕ್ಕೆ ಏನೆನ್ನುತ್ತೀರಿ ಎಂದು ಮತ್ತೆ ಕೇಳಿದೆ. ದಾರವನ್ನು ಹಲ್ಲಿನಿಂದ ಕಡಿದು, ಪಟ್ಟಿಯನ್ನು ಮಡಚಿ ಗಂಟಿನಲ್ಲಿಡುತ್ತ ಅವಳು ಹೇಳಿದಳು: ‘ಏನಂತೀವ್ರಿ, ತಿರಗತೀವಿ.’ ಆಮೇಲೆ ಒಂದು ಸಣ್ಣ ಚೀಲ ತೆಗೆದು ನನ್ನ ಮುಂದೆ ಹಿಡಿದು, ‘ಬೋಣಿಗಿ ಮಾಡ್ರಿ’ ಎಂದಳು.